ವಾಹನ ಪ್ರಶ್ನೋತ್ತರ: ಮಳೆಗಾಲದ ದಾರಿಗೆ ಯಾವ ಡ್ರೈವ್ ಮೋಡ್?

ಪ್ರಶ್ನೆ: ಇತ್ತೀಚೆಗೆ ಗಾಲ್ಫ್ ಜಿಟಿಐ ಕಾರು ಕೊಂಡಿದ್ದೇನೆ. ಅದರಲ್ಲಿ ಇಕೊ, ಕಂಫರ್ಟ್, ಸ್ಪೋರ್ಟ್, ಇಂಡಿವಿಜುವಲ್ ಎಂಬ ಮೋಡ್‌ಗಳಿವೆ. ದಿನನಿತ್ಯ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಓಡಾಟ. ಆಗಾಗ ಕುಂಬಳೆಗೆ ಇಳಿದು ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗುವುದುಂಟು. ಸ್ಪೋರ್ಟ್‌ನಲ್ಲಿ ಮಾತ್ರ ಕಾರಿನ ಪೂರ್ಣ ಶಕ್ತಿ ಸಿಗುತ್ತದೆ, ರಸ್ತೆಯ ಮೇಲಿನ ಹಿಡಿತವೂ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಮಳೆಗಾಲದಲ್ಲಿಯೂ ಸ್ಪೋರ್ಟ್‌ನಲ್ಲಿಯೇ ಓಡಿಸಬಹುದೇ?
— ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಗೆಳೆಯರ ಎರಡು ಮಾತುಗಳೂ ಸರಿಯಲ್ಲ. ನಿಮ್ಮ ಕಾರಿನ ಗರಿಷ್ಠ ಶಕ್ತಿ 265 ಪಿಎಸ್, ಗರಿಷ್ಠ ಟಾರ್ಕ್ (ಅಂದರೆ ತಿರುಗಿಸುವ ಬಲ) 370 ನ್ಯೂಟನ್ ಮೀಟರ್. ಕಂಫರ್ಟ್‌ನಲ್ಲಿದ್ದಾಗಲೂ ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿದರೆ ಇದಿಷ್ಟೂ ದೊರೆಯುತ್ತದೆ. ಹಳೆಯ ಕಾರುಗಳಲ್ಲಿ ಪೆಡಲ್‌ನಿಂದ ಎಂಜಿನ್‌ಗೆ ಹೋಗುತ್ತಿದ್ದ ಕೇಬಲ್ ಈಗಿನವುಗಳಲ್ಲಿಲ್ಲ. ಪಾದ ಎಷ್ಟು ಒತ್ತಿತು ಎಂಬುದನ್ನು ಸೆನ್ಸರ್ ಅಳೆಯುತ್ತದೆ, ಎಂಜಿನ್‌ಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ಎಷ್ಟು ತೆರೆಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಮೋಡ್ ಬದಲಾದಾಗ ಮುಖ್ಯವಾಗಿ ಬದಲಾಗುವುದು ಈ ಲೆಕ್ಕಾಚಾರ. ಖಾಲಿ ಇರುವ ನೇರ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ, ಪಾದವನ್ನು ಅಲುಗಿಸದೆ ಕಂಫರ್ಟ್‌ನಿಂದ ಸ್ಪೋರ್ಟ್‌ಗೆ ಬನ್ನಿ. ಗಿಯರ್‌ಬಾಕ್ಸ್ ಒಂದೆರಡು ಗಿಯರ್ ಕೆಳಗಿಳಿಯುವುದೂ ಆರ್‌ಪಿಎಂ ಮುಳ್ಳು ಮೇಲೇರುವುದೂ ಸ್ಟಿಯರಿಂಗ್ ತುಸು ಬಿಗಿಯಾಗುವುದೂ ನಿಮ್ಮ ಗಮನಕ್ಕೆ ಬರುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಎಂಜಿನ್‌ಗೆ ಹೆಚ್ಚಿನ ಗಾಳಿ ತುಂಬುವ ಟರ್ಬೊ ಸಿದ್ಧವಾಗಿಯೇ ಇರುವುದರಿಂದ ಮುಂದೆ ಪೆಡಲನ್ನು ಸ್ವಲ್ಪ ಒತ್ತಿದರೂ ಕಾರು ಥಟ್ಟನೆ ಮುನ್ನುಗ್ಗುತ್ತದೆ. ಶಕ್ತಿ ಹೆಚ್ಚಿದಂತೆ ಅನ್ನಿಸುವುದು ಇದರಿಂದಲೇ.

ಇನ್ನು ಹಿಡಿತದ ವಿಚಾರ. ರಸ್ತೆಗೆ ತಾಗುವುದು ನಾಲ್ಕು ಟಯರುಗಳು ಮಾತ್ರ, ಅವುಗಳ ರಬ್ಬರನ್ನು ಯಾವ ಮೋಡ್ ಕೂಡ ಬದಲಾಯಿಸಲಾರದು. ನಿಮ್ಮ ಕಾರಿನಲ್ಲಿ ಎಂಜಿನ್‌ನ ಬಲವೆಲ್ಲ ಮುಂದಿನ ಎರಡು ಚಕ್ರಗಳಿಗೇ ಹೋಗುತ್ತದೆ, ಕಾರನ್ನು ತಿರುಗಿಸುವ ಕೆಲಸವೂ ಅವುಗಳದ್ದೇ. ಒದ್ದೆ ತಿರುವಿನ ನಡುವೆ ಸ್ಪೋರ್ಟ್ ಮೋಡ್‌ನಲ್ಲಿ ಪೆಡಲ್ ಒತ್ತಿದಾಗ ಟಯರಿಗೆ ಉಳಿದಿದ್ದ ಹಿಡಿತವನ್ನು ಎಂಜಿನ್ ಕಬಳಿಸಿಬಿಡುತ್ತದೆ. ಸ್ಟಿಯರಿಂಗ್ ತಿರುಗಿಸಿದ್ದರೂ ಕಾರು ತಿರುಗದೆ ಅಂಚಿನ ಕಡೆಗೆ ನೇರವಾಗಿ ಸರಿಯತೊಡಗುತ್ತದೆ.

ನಿಮ್ಮ ರಸ್ತೆಯಲ್ಲಿ ಈ ಅಪಾಯ ಮಳೆಯ ರಭಸಕ್ಕಿಂತಲೂ ಮುರಮಣ್ಣಿನಿಂದ ಹೆಚ್ಚು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈ ತಿಂಗಳುಗಳದ್ದು. ಅಡಿಕೆ ತೋಟಗಳಿಂದ ರಸ್ತೆಗೆ ಬಂದು ಸೇರುವ ಇಳಿಜಾರು ದಾರಿಗಳ ಬಾಯಲ್ಲಿ ನೀರು ಕೆಂಪು ಮಣ್ಣನ್ನು ಡಾಮರಿನ ಮೇಲೆ ತೆಳ್ಳಗೆ ಬಳಿದು ಹೋಗಿರುತ್ತದೆ. ಜೋರು ಮಳೆ ಸುರಿಯುತ್ತಿರುವಾಗ ಅದು ಸ್ವಲ್ಪವಾದರೂ ತೊಳೆದುಹೋಗುತ್ತದೆ. ಮಳೆ ನಿಂತು ರಸ್ತೆ ಅರ್ಧ ಒಣಗಿದ ಹೊತ್ತಿನಲ್ಲಿ ಮಾತ್ರ ಆ ಜಾಗ ಬೆಣ್ಣೆ ಸವರಿದಂತೆ ಜಾರುತ್ತದೆ, ಆದರೆ ನೋಡುವವರ ಕಣ್ಣಿಗೆ ರಸ್ತೆ ಸರಿಯಾಗಿಯೇ ಕಾಣಿಸುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರಸ್ತೆಯಲ್ಲಿ ಸ್ಪೋರ್ಟ್ ಬೇಡವೇ ಬೇಡ ಎಂದು ಖಚಿತವಾಗಿ ಹೇಳುತ್ತೇನೆ.

ಇಂಡಿವಿಜುವಲ್ ಮೋಡ್ ಇರುವುದು ಇಂಥ ಸಂದರ್ಭಕ್ಕಾಗಿಯೇ. ಅದರಲ್ಲಿ ಎಂಜಿನ್–ಗಿಯರ್‌ಗಳನ್ನು ಕಂಫರ್ಟ್‌ಗೂ ಸ್ಟಿಯರಿಂಗನ್ನು ನಿಮ್ಮ ಕೈಗೆ ಒಗ್ಗುವಂತೆಯೂ ಹೊಂದಿಸಿಕೊಳ್ಳಿ. ಕಾರಿನಲ್ಲಿ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಇದ್ದರೆ ಅದನ್ನು ಮೃದುವಾಗಿರಿಸಿ, ಏಕೆಂದರೆ ಹೊಂಡ ಬಿದ್ದ ರಸ್ತೆಯಲ್ಲಿ ಬಿಗಿ ಸಸ್ಪೆನ್ಷನ್‌ನಿಂದ ಚಕ್ರ ಪುಟಿಯುತ್ತದೆ, ಪುಟಿಯುವ ಚಕ್ರಕ್ಕೆ ಹಿಡಿತ ಇರುವುದಿಲ್ಲ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಇರುವ ಕಾರಿನಲ್ಲಿ ಯಾವ ಮೋಡ್ ಆಯ್ದರೂ ಸಸ್ಪೆನ್ಷನ್ ಬದಲಾಗುವುದಿಲ್ಲ. ಇಎಸ್‌ಸಿ, ಅಂದರೆ ಕಾರು ಜಾರದಂತೆ ಪ್ರತಿಯೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಎಂದಿಗೂ ಸಡಿಲಿಸಬೇಡಿ. ಆ ಸಡಿಲಿಕೆ ರೇಸ್ ಟ್ರ್ಯಾಕ್‌ಗೆ ಮೀಸಲು.

ತಲಪಾಡಿಯ ಕಡೆಗಿನ ಆರು ಪಥದ ಹೆದ್ದಾರಿಯಲ್ಲಿ ಒಣ ಹವೆ ಇದ್ದಾಗ, ಪಕ್ಕದ ದಾರಿಯಿಂದ ಮೇಲೇರಿ ವೇಗದ ವಾಹನಗಳ ಜೊತೆ ಸೇರಿಕೊಳ್ಳುವ ಕೆಲವು ಕ್ಷಣಗಳಲ್ಲಿ ಸ್ಪೋರ್ಟ್ ನಿಜವಾಗಿಯೂ ಉಪಯುಕ್ತ. ಕೇರಳದಲ್ಲಿ ಇಂಥ ಹೆದ್ದಾರಿಗೆ ಕಾರಿನ ಮಿತಿ ಗಂಟೆಗೆ 110 ಕಿ.ಮೀ. ಆ ವೇಗ ತಲುಪಿದ ಮೇಲೆ ಕಂಫರ್ಟ್‌ಗೆ ಮರಳುವುದು ಸರಿ.

ಪೋರ್ಷೆ ಕಂಪನಿಯ 992 ಸರಣಿಯ 911 ಕಾರಿನಲ್ಲಿ ವೆಟ್ ಎಂಬ ಪ್ರತ್ಯೇಕ ಮೋಡ್ ಇದೆ. ಮುಂಚಕ್ರದ ಗೂಡುಗಳಲ್ಲಿರುವ ಸೆನ್ಸರ್‌ಗಳು ಟಯರ್ ಚಿಮ್ಮಿಸುವ ನೀರಿನ ಸದ್ದನ್ನು ಆಲಿಸಿ ರಸ್ತೆ ಒದ್ದೆಯಾಗಿದೆ ಎಂದು ಎಚ್ಚರಿಸುತ್ತವೆ. ಮೋಡ್ ಬದಲಾಯಿಸುವ ಹೊಣೆ ಮಾತ್ರ ಚಾಲಕರದ್ದೇ. ಅಷ್ಟು ದುಬಾರಿ ಕಾರಿನಲ್ಲಿಯೂ ಆ ತೀರ್ಮಾನವನ್ನು ಚಾಲಕರಿಗೇ ಬಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ನಿಮ್ಮ ಕಾರಿನಲ್ಲಿ ವೆಟ್ ಇಲ್ಲವಾದ್ದರಿಂದ ಟಯರನ್ನು ನೀವೇ ಗಮನಿಸಬೇಕು. ಟಯರಿನ ಗೀರುಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ., ಆದರೆ ನಮ್ಮ ಮಳೆಗೆ ಅದು ಸಾಲದು, 3 ಮಿ.ಮೀ.ಗೆ ಇಳಿದಾಗಲೇ ಬದಲಾಯಿಸಿಬಿಡಿ.

ಪ್ರಶ್ನೆ: ದಿಂಬಂ ಘಾಟಿಯನ್ನು ಇಕೊ ಮೋಡ್‌ನಲ್ಲಿ ಇಳಿಯುವಾಗ ಪೆಡಲ್‌ನಿಂದ ಪಾದ ತೆಗೆದರೂ ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಇದು ಕಾರಿನ ದೋಷವೇ?
— ಓದುಗರು, ತಾಳವಾಡಿ

ಉತ್ತರ: ದೋಷವಲ್ಲ. ಪಾದ ತೆಗೆದೊಡನೆ ಎಂಜಿನನ್ನು ಚಕ್ರಗಳಿಂದ ಬಿಡಿಸಿ ಕಾರು ಹಗುರವಾಗಿ ಉರುಳುವಂತೆ ಮಾಡುವ ಸೌಲಭ್ಯ ಅನೇಕ ಆಟೊಮ್ಯಾಟಿಕ್ ಕಾರುಗಳ ಇಕೊ ಮೋಡ್‌ನಲ್ಲಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ಪೆಟ್ರೋಲ್ ಉಳಿಯುತ್ತದೆ. ಇಳಿಜಾರಿನಲ್ಲಿಯೂ ಹಾಗೆಯೇ ಬಿಟ್ಟರೆ ಎಂಜಿನ್‌ನ ತಡೆ ಇಲ್ಲದೆ ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬೀಳುತ್ತದೆ. ದಿಂಬಂನಿಂದ ಬಣ್ಣಾರಿಯ ಕಡೆಗೆ 27 ಹೇರ್‌ಪಿನ್ ತಿರುವುಗಳಿವೆ. ಎಡೆಬಿಡದೆ ಬ್ರೇಕ್ ಒತ್ತುತ್ತ ಇಳಿದರೆ ಪ್ಯಾಡ್‌ಗಳು ಕಾದು, ಬ್ರೇಕ್ ಆಯಿಲ್ ಕುದಿಯುವ ಮಟ್ಟಕ್ಕೆ ಬಂದು, ಪೆಡಲ್ ಮೆತ್ತಗಾಗಬಹುದು.

ಇಳಿಯಲು ತೊಡಗುವ ಮೊದಲೇ ಕಂಫರ್ಟ್‌ಗೆ ಬಂದು, ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳಿಂದ ಎರಡನೆಯ ಅಥವಾ ಮೂರನೆಯ ಗಿಯರನ್ನು ನೀವೇ ಹಿಡಿದಿಡಿ. ಸ್ಪೋರ್ಟ್ ಕೂಡ ಕೆಳಗಿನ ಗಿಯರನ್ನು ಉಳಿಸಿಕೊಳ್ಳುತ್ತದೆ. ಆದರೆ ಪರ್ಫಾರ್ಮೆನ್ಸ್ ಕಾರುಗಳಲ್ಲಿ ಸ್ಪೋರ್ಟ್ ಜೊತೆಗೆ ಸೈಲೆನ್ಸರ್‌ನ ಕವಾಟವೂ ತೆರೆದುಕೊಂಡು ಸದ್ದು ಜೋರಾಗುವುದುಂಟು, ಈ ರಸ್ತೆಯಾದರೋ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಹಾದುಹೋಗುತ್ತದೆ. ತಿರುವಿನ ಆಚೆ ಆನೆಗಳು ನಿಂತಿರಬಹುದಾದ ಕಾಡಿನಲ್ಲಿ ಆ ಸದ್ದು ಖಂಡಿತ ಬೇಡ.

ಪ್ರಶ್ನೆ: ದಿನವೂ ಸ್ಪೋರ್ಟ್‌ನಲ್ಲಿ ಓಡಿಸಿದರೆ ಎಂಜಿನ್ ಬೇಗ ಹಾಳಾಗುತ್ತದೆಯೇ?
— ಓದುಗರು, ಅಕ್ಕಲಕೋಟೆ

ಉತ್ತರ: ಕಂಪನಿಯೇ ಕೊಟ್ಟ ಮೋಡ್ ಆದ್ದರಿಂದ ಹಾಳಾಗುವ ಭಯವಿಲ್ಲ, ಇಂಧನ ಮಾತ್ರ ಹೆಚ್ಚು ಬೇಕಾಗುತ್ತದೆ, ಟಯರೂ ಬೇಗ ಸವೆಯುತ್ತದೆ. ಮೋಡ್‌ಗಿಂತ ಎಂಜಿನ್ ಆಯಿಲ್‌ನ ಬಿಸಿ ಮುಖ್ಯ. ಬೆಳಿಗ್ಗೆ ಹೊರಟ ಕೂಡಲೇ ಸ್ಪೋರ್ಟ್ ಹಾಕಬೇಡಿ. ಕೂಲಂಟ್, ಅಂದರೆ ಎಂಜಿನನ್ನು ತಂಪಾಗಿಡುವ ದ್ರವದ ಉಷ್ಣತೆಯ ಮುಳ್ಳು ನಡುವಿಗೆ ಬಂದ ಮೇಲೆಯೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು. ಆಯಿಲ್ ಉಷ್ಣತೆ ತೋರಿಸುವ ಸೌಲಭ್ಯ ಪರದೆಯಲ್ಲಿದ್ದರೆ ಸುಮಾರು 80 ಡಿಗ್ರಿಯವರೆಗೆ ಕಾಯಿರಿ. ಜೋರಾಗಿ ಓಡಿಸಿ ಬಂದ ಮೇಲೆ ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬಂದರೆ ಟರ್ಬೊ ತಣಿಯುತ್ತದೆ.