ಕೈ ಎಳೆದದ್ದು ನಾನೇ, ಡಾಕ್ಟರ್

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಹೋದ ವಾರ ಸಂಜೆ ಮೆಟ್ಟಿಲು ಇಳಿಯುವಾಗ ಅವಳ ಕಾಲು ಜಾರಿತು. ಬೀಳಬಾರದು ಅಂತ ಎಡಗೈ ಹಿಡಿದು ಜೋರಾಗಿ ಮೇಲಕ್ಕೆ ಎಳೆದೆ. ಬೀಳಲಿಲ್ಲ, ಆದರೆ ಕಿರುಚಿಕೊಂಡಳು. ಆಮೇಲೆ ಆ ಕೈ ಎತ್ತಲೇ ಇಲ್ಲ, ಮುಟ್ಟಲೂ ಬಿಡಲಿಲ್ಲ. ಎಮರ್ಜೆನ್ಸಿಗೆ ಓಡಿದೆವು. ಅಲ್ಲಿ ಒಂದೂವರೆ ಗಂಟೆ ಕಾದೆವು, ನಮ್ಮ ನಂತರ ಬಂದವರನ್ನೂ ಮೊದಲು ಒಳಗೆ ಕರೆದರು. ‘ಹೇಗಾಯಿತು?’ ಅಂತ ಮೂರು ಜನ ಮೂರು ಸಲ ಕೇಳಿದರು. ಮೊದಲ ಸಲ ‘ಬಿದ್ದಳು’ ಅಂದೆ. ಕೊನೆಗೆ ಡಾಕ್ಟರ್ ಕೇಳಿದಾಗ ಅಳುತ್ತಾ ನಿಜ ಹೇಳಿದೆ. ಅವರು ಎಕ್ಸ್‌ರೇ ಕೂಡ ತೆಗೆಸದೆ ಕೈ ಹಿಡಿದು ಒಂದು ಸಲ ತಿರುಗಿಸಿದರು. ಹತ್ತು ನಿಮಿಷದಲ್ಲಿ ಮಗಳು ಎರಡೂ ಕೈ ಚಾಚಿ ನನ್ನ ಹತ್ತಿರ ಬಂದಳು. ಎಕ್ಸ್‌ರೇ ಇಲ್ಲದೆ ಮಾಡಿದ್ದು ಸರಿಯಾ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಮೂಳೆಗೆ ಏನಾದರೂ ಆಗಿರಬಹುದಾ? ಮತ್ತೆ ಹೀಗಾಗುತ್ತಾ? ನನ್ನ ಕೈಯಿಂದಲೇ ಆಗಿಹೋಯಿತಲ್ಲ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ ಮೇಡಂ.
— ಹೆಸರು ಬೇಡ

ಉತ್ತರ: ಮೊದಲು ಮೂಳೆಯ ವಿಷಯ ಹೇಳಿಬಿಡುತ್ತೇನೆ. ಮಗಳು ಹತ್ತೇ ನಿಮಿಷದಲ್ಲಿ ಎರಡೂ ಕೈ ಚಾಚಿದಳು ಅಂದಿರಲ್ಲ, ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಮುರಿದ ಕೈಯನ್ನು ಯಾವ ಮಗುವೂ ಹಾಗೆ ಚಾಚುವುದಿಲ್ಲ.

ಇದಕ್ಕೆ ನಾವು ‘ಪುಲ್ಡ್ ಎಲ್ಬೋ’ ಅನ್ನುತ್ತೇವೆ. ಎಳೆತಕ್ಕೆ ಜಾರಿದ ಮೊಣಕೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ ಇವೆ. ಅದರಲ್ಲಿ ಹೆಬ್ಬೆರಳ ಕಡೆಯ ಮೂಳೆಯ ಮೇಲ್ತುದಿಯನ್ನು ಒಂದು ನಾರಿನ ಪಟ್ಟಿ ಬಳೆಯ ಹಾಗೆ ಸುತ್ತಿ ಹಿಡಿದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಬಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ನೀಳವಾಗಿ ಚಾಚಿದ ಕೈಯನ್ನು ತಟ್ಟನೆ ಎಳೆದರೆ ಮೂಳೆಯ ತುದಿ ಬಳೆಯಿಂದ ಸ್ವಲ್ಪ ಜಾರುತ್ತದೆ, ಪಟ್ಟಿ ಕೀಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. 1 ರಿಂದ 4 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. 5 ದಾಟಿದ ಮೇಲೆ ಪಟ್ಟಿ ದಪ್ಪವಾಗುತ್ತದೆ, ಆಮೇಲೆ ಅಪರೂಪ.

ಇಂಥ ಮಗು ಬಾಗಿಲಿನಿಂದ ಒಳಗೆ ಬರುವಾಗಲೇ ಗೊತ್ತಾಗುತ್ತದೆ. ಕೈ ಸ್ವಲ್ಪ ಮಡಿಸಿ, ಅಂಗೈಯನ್ನು ಹೊಟ್ಟೆಯ ಕಡೆ ತಿರುಗಿಸಿ, ಮೈಗೆ ಒತ್ತಿಕೊಂಡಿರುತ್ತದೆ. ಊತ ಇರುವುದಿಲ್ಲ. ಮುಟ್ಟದಿದ್ದರೆ ಅಳುವುದೂ ಇಲ್ಲ, ಆದರೆ ಆ ಕೈಯಲ್ಲಿ ಆಟದ ಸಾಮಾನು ಮುಟ್ಟುವುದಿಲ್ಲ. ಎಲ್ಲಿ ನೋವು ಅಂತ ಕೇಳಿದರೆ ಎಷ್ಟೋ ಮಕ್ಕಳು ಮಣಿಕಟ್ಟು ತೋರಿಸುತ್ತವೆ. ಈ ನೋಟದ ಜೊತೆಗೆ ‘ಕೈ ಹಿಡಿದು ಎಳೆದೆ’ ಅನ್ನುವ ಒಂದು ಮಾತು ಸಿಕ್ಕಿದರೆ ಎಕ್ಸ್‌ರೇ ಬೇಕಾಗುವುದಿಲ್ಲ. ತೆಗೆದರೂ ಸಾಮಾನ್ಯವಾಗಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಕ್ಸ್‌ರೇಗಾಗಿ ಕೈಯನ್ನು ಅತ್ತ ಇತ್ತ ತಿರುಗಿಸುವಾಗಲೇ ಕೀಲು ತಾನಾಗಿ ಕೂತುಬಿಡುವುದೂ ಉಂಟು. ಬಿದ್ದಿದ್ದರೆ, ಊತ ಇದ್ದರೆ, ಮೂಳೆಯ ಮೇಲೆ ಒತ್ತಿದಾಗ ನೋವಿದ್ದರೆ ಲೆಕ್ಕ ಬೇರೆ. ಆಗ ಎಕ್ಸ್‌ರೇ ಬೇಕೇ ಬೇಕು, ಅದಕ್ಕೂ ಮೊದಲು ಕೈ ತಿರುಗಿಸಬಾರದು.

ಈಗ ಯೋಚಿಸಿ ನೋಡಿ. ‘ಬಿದ್ದಳು’ ಅನ್ನುವ ಮಾತಿಗೇ ನೀವು ಅಂಟಿಕೊಂಡಿದ್ದರೆ? ಡಾಕ್ಟರ್ ಮೊದಲು ಮುರಿತ ಇದೆಯಾ ಅಂತ ಹುಡುಕಬೇಕಾಗಿತ್ತು. ನೋಯುವ ಕೈಯಲ್ಲಿ ಮಗಳು ಇನ್ನೂ ಒಂದೆರಡು ಗಂಟೆ ಕೂರಬೇಕಾಗಿತ್ತು. ಸರಿಯಾದ ಚಿಕಿತ್ಸೆ ಶುರುವಾದದ್ದು ನೀವು ನಿಜ ಹೇಳಿದ ಆ ನಿಮಿಷದಲ್ಲಿ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಎಷ್ಟೋ ವರ್ಷ ಎಮರ್ಜೆನ್ಸಿಯಲ್ಲಿ ಮಕ್ಕಳನ್ನು ನೋಡಿದ್ದೇನೆ. ‘ಬಿತ್ತು’ ಅಂದವರಲ್ಲಿ ಎಷ್ಟೋ ಜನ ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ, ‘ಎಳೆದದ್ದು ನಾನೇ, ಡಾಕ್ಟರ್’ ಅಂದಿದ್ದಾರೆ. ಆ ನಾಚಿಕೆ ನನಗೆ ಚೆನ್ನಾಗಿ ಗೊತ್ತು. ನನ್ನ ಮಗನಿಗೆ ಎರಡು ವರ್ಷವಿದ್ದಾಗ ಸ್ವೆಟರ್ ತೋಳಿನಿಂದ ಅವನ ಕೈ ಹೊರಗೆಳೆಯುವಾಗ ಇದೇ ಆಯಿತು. ಇಂಥದ್ದನ್ನು ದಿನಾ ನೋಡುವ ನನಗೂ ಆ ಕ್ಷಣ ಗಂಟಲು ಕಟ್ಟಿತು.

ಮೂರು ಸಲ ಕೇಳಿದ್ದು ನಿಮಗೆ ನೋವಾಗಿದೆ. ಚಿಕ್ಕ ಮಗುವಿಗೆ ಪೆಟ್ಟಾಗಿ ಬಂದರೆ ಹೇಗಾಯಿತು ಅಂತ ಎಲ್ಲರನ್ನೂ ಕೇಳುತ್ತೇವೆ. ಮಾತು ಬಾರದ ಮಗುವಿನ ಪರವಾಗಿ ಕೇಳಲೇಬೇಕು. ಆದರೆ ಯಾಕೆ ಕೇಳುತ್ತಿದ್ದೇವೆ ಅಂತ ಒಂದು ಮಾತು ಹೇಳಿ ಕೇಳಬಹುದಲ್ವಾ? ಅದು ನಮ್ಮ ಕಡೆಯ ಕೊರತೆ. ಕಾಯಿಸಿದ್ದೂ ನಿಮ್ಮನ್ನು ಕಡೆಗಣಿಸಿ ಅಲ್ಲ. ಅಲ್ಲಿ ಬಂದ ಹೊತ್ತಿನ ಪ್ರಕಾರ ಸರದಿ ಇಲ್ಲ, ಜೀವಕ್ಕೆ ಅಪಾಯ ಇರುವವರು ಮೊದಲು. ಆದರೂ ಕಾಯುವಾಗ ಮಗು ನೋವು ತಿನ್ನಬೇಕಾಗಿಲ್ಲ. ನರ್ಸ್ ಹತ್ತಿರ ಹೋಗಿ ನೋವಿಗೆ ಏನಾದರೂ ಕೊಡಿ ಅಂತ ಕೇಳಿ. ಪ್ಯಾರಸಿಟಮಾಲ್ ಅನ್ನು ತೂಕ ನೋಡಿ ಕೊಡುತ್ತಾರೆ, ಕಿಲೋಗೆ 10 ರಿಂದ 15 ಮಿಲಿಗ್ರಾಂ. ಹಾಗಾಗಿ ಮಗುವಿನ ತೂಕ ನಿಮಗೆ ನೆನಪಿರಲಿ. ಮನೆಯಲ್ಲಿ ಮೊದಲೇ ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಹೇಳಿ.

ಮತ್ತೆ ಆಗುತ್ತಾ ಅಂದರೆ, ಕೆಲವು ಮಕ್ಕಳಿಗೆ ಆಗುತ್ತದೆ. ಎರಡನೇ ಸಲವೂ ಇದೇ ಚಿಕಿತ್ಸೆ. ಹೀಗಾಯಿತು ಅಂತ ಕೀಲು ಮುಂದೆ ಬಲಹೀನವಾಗುವುದಿಲ್ಲ, ಕೈ ಬೆಳವಣಿಗೆಗೂ ತೊಂದರೆಯಿಲ್ಲ. ಮಣಿಕಟ್ಟು ಅಥವಾ ಅಂಗೈ ಹಿಡಿದು ಮಗುವನ್ನು ಎತ್ತಬೇಡಿ. ಇಬ್ಬರು ಒಂದೊಂದು ಕೈ ಹಿಡಿದು ಉಯ್ಯಾಲೆ ಆಡಿಸುವುದು ಸದ್ಯಕ್ಕೆ ಬೇಡ. ಮನೆಗೆ ಬರುವವರಿಗೂ ಹೇಳಿಬಿಡಿ, ಅವರಿಗೆ ಇದು ಗೊತ್ತಿರುವುದಿಲ್ಲ. ಅಂಗಿ ಹಾಕುವಾಗ ಕೈಯನ್ನು ಎಳೆಯುವ ಬದಲು ಅಂಗಿಯ ತೋಳನ್ನು ಮುದುರಿಕೊಂಡು ಕೈಯ ಮೇಲೆ ಏರಿಸಿ. ಮತ್ತೆ ಜಾರಿತು ಅನ್ನಿಸಿದರೆ ನೀವೇ ತಿರುಗಿಸಿ ನೋಡಬೇಡಿ. ತಿಕ್ಕುವುದೂ ಬೇಡ. ಹೇಗಿದೆಯೋ ಹಾಗೇ ಕೈಯನ್ನು ಬಿಟ್ಟು ಆಸ್ಪತ್ರೆಗೆ ಬನ್ನಿ. ಕೀಲು ಕೂರಿಸಿದ ಮೇಲೂ ಅರ್ಧ ಗಂಟೆಯೊಳಗೆ ಕೈ ಆಡಿಸದಿದ್ದರೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಜಾರಿ ತುಂಬಾ ಹೊತ್ತಾಗಿದ್ದರೆ ಕೆಲವು ಮಕ್ಕಳು ಹೆದರಿಕೆಯಿಂದ ಇನ್ನೂ ಸ್ವಲ್ಪ ತಡ ಮಾಡುತ್ತವೆ.

ಈಗ ಅವಳನ್ನು ಎತ್ತಿಕೊಳ್ಳಲು ಹಿಂಜರಿಯಬೇಡಿ. ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ. ಮತ್ತೆ ಎಂದಾದರೂ ಮೆಟ್ಟಿಲಲ್ಲಿ ಅವಳ ಕಾಲು ಜಾರಿದರೆ ಇದನ್ನೆಲ್ಲ ನೆನಪಿಸಿಕೊಳ್ಳುತ್ತಾ ನಿಲ್ಲಬೇಡಿ. ಕೈಗೆ ಏನು ಸಿಕ್ಕಿತೋ ಅದನ್ನೇ ಹಿಡಿಯಿರಿ. ಮೊಣಕೈಯನ್ನು ನಾವು ಒಂದು ನಿಮಿಷದಲ್ಲಿ ಕೂರಿಸುತ್ತೇವೆ. ತಲೆಗೆ ಪೆಟ್ಟಾದರೆ ಹಾಗಲ್ಲ.