4×5 ಕ್ಯಾಮೆರಾಕ್ಕೆ 120 ರೋಲ್ ಹಾಕಬಹುದಾ?

ಪ್ರಶ್ನೆ: ಸರ್, ಇಲ್ಲೊಂದು ಸ್ಟುಡಿಯೋ ಮುಚ್ಚುವಾಗ 4×5 ಇಂಚಿನ ಶೀಟ್ ಫಿಲ್ಮ್ ಹಾಕುವ ಕ್ಯಾಮೆರಾ ತಗೊಂಡೆ, 150 ಎಂಎಂ ಲೆನ್ಸ್ ಇದೆ. ಶೀಟ್ ಫಿಲ್ಮ್ ರೇಟ್ ಕೇಳಿ ಸುಮ್ಮನಾದೆ. 120 ರೋಲ್ ತುಂಬಿ ಕ್ಯಾಮೆರಾ ಹಿಂದೆ ಕೂರಿಸುವ ರೋಲ್ ಫಿಲ್ಮ್ ಬ್ಯಾಕ್ (ಹೋಲ್ಡರ್) ತಗೊಳ್ಳಲಾ? ಅದರ ಬದಲು ಅದೇ ರೋಲ್ ಬಳಸುವ ಒಂದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾನೇ ಕೊಂಡರೆ ಆಗಲ್ವಾ? ಸೋಮನಾಥಪುರ, ಮೇಲುಕೋಟೆ ತೆಗೆಯುವ ಆಸೆ.
– ಓದುಗರು, ಮಂಡ್ಯ

ಉತ್ತರ: ಬ್ಯಾಕ್ ತಗೊಳ್ಳಿ. ಸೋಮನಾಥಪುರ ಅಂದಿರಲ್ಲ, ಅದೇ ಸಾಕು ಕಾರಣಕ್ಕೆ. ಹದಿಮೂರನೇ ಶತಮಾನದ ಆ ಕೇಶವ ದೇವಾಲಯ ಎತ್ತರದ ಜಗತಿ ಮೇಲಿದೆ, ನಾವು ಕೆಳಗೆ ಅಂಗಳದಲ್ಲಿ ನಿಲ್ಲುತ್ತೇವೆ. ಮಾಮೂಲಿ ಕ್ಯಾಮೆರಾ ಮೇಲಕ್ಕೆತ್ತಿದರೆ ಮೂರೂ ಶಿಖರ ಹಿಂದಕ್ಕೆ ವಾಲಿದಂತೆ ಬರುತ್ತವೆ. ನಿಮ್ಮದರಲ್ಲಿ ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸ್ ಮಾತ್ರ ಮೇಲಕ್ಕೆ ಸರಿಸಬಹುದು. 4×5ಗೆ ಮಾಡಿದ ಲೆನ್ಸ್ ಬೀರುವ ಬೆಳಕಿನ ವೃತ್ತ ದೊಡ್ಡದು, ರೋಲ್ ಫಿಲ್ಮಿನ 6×9 (ಸೆಂ.ಮೀ.) ಫ್ರೇಮಿನ ಕರ್ಣ ಸುಮಾರು 100 ಎಂಎಂ ಅಷ್ಟೇ, ಹಾಗಾಗಿ ಸರಿಸಲು ಶೀಟ್ ಫಿಲ್ಮ್‌ಗಿಂತ ಜಾಸ್ತಿ ಜಾಗ ಉಳಿಯುತ್ತದೆ. ಸಾಮಾನ್ಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಈ ಅನುಕೂಲ ಇಲ್ಲ.

ದುಡ್ಡು ಕೊಡುವ ಮೊದಲು ಕ್ಯಾಮೆರಾದ ಹಿಂಭಾಗ ನೋಡಿ. ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಮಬ್ಬು ಗಾಜು) ಚೌಕಟ್ಟು ಪೂರ್ತಿ ಕಳಚಿ ಬಂದು, ಹೋಲ್ಡರ್ ಹಿಡಿದಿಡಲು ಜಾರುವ ಎರಡು ಪಟ್ಟಿ ಇದ್ದರೆ ಅದು ಗ್ರಾಫ್ಲಾಕ್ ಬ್ಯಾಕ್. ಅದಕ್ಕೆ ಹಾರ್ಸ್‌ಮನ್, ಗ್ರಾಫ್ಲೆಕ್ಸ್ ಹೋಲ್ಡರ್ ಕೂರುತ್ತವೆ. ಗ್ರಾಫ್ಲೆಕ್ಸ್ ಕೊಳ್ಳುವಾಗ 4×5ಗೆ ಮಾಡಿದ್ದೇನಾ ಅಂತ ಕೇಳಿ, ಚಿಕ್ಕ ಕ್ಯಾಮೆರಾಗಳಿಗೂ ನೋಡಲು ಹಾಗೇ ಇರುವುದು ಬರುತ್ತಿತ್ತು. ಗಾಜು ಕಳಚಿ ಬರದೆ ಸ್ಪ್ರಿಂಗ್ ಮೇಲೆ ಎದ್ದುಕೊಳ್ಳುವ ಬರೀ ಸ್ಪ್ರಿಂಗ್ ಬ್ಯಾಕ್ ಆದರೆ ಗಾಜಿನ ಅಡಿಗೆ ತೂರಿಸುವ ಕ್ಯಾಲ್ಯುಮೆಟ್ ಥರದ್ದು ಬೇಕು. ತೂರಿಸುವಾಗ ಕ್ಯಾಮೆರಾ ಅಲುಗುತ್ತದೆ, ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ.

120 ರೋಲಿನಲ್ಲಿ 6×7 ಆದರೆ 10 ಫ್ರೇಮ್, 6×9 ಆದರೆ 8, 6×12 ಆದರೆ 6. ನನ್ನನ್ನು ಕೇಳಿದರೆ ಮೊದಲು 6×9. ಆದರೆ ಅದರಲ್ಲಿ ನಿಮ್ಮ 150 ಸ್ವಲ್ಪ ಟೆಲಿ ಆಗಿಬಿಡುತ್ತದೆ, ಅಂದರೆ ಕಡಿಮೆ ಅಗಲ ಕಾಣುತ್ತದೆ, ಸೋಮನಾಥಪುರದಲ್ಲಿ ಸುತ್ತಲೂ ಕೈಸಾಲೆ ಇರುವುದರಿಂದ ಹಿಂದೆ ಹೋಗಲು ಜಾಗ ಸಾಲದು. ಮುಂದೆ ಒಂದು 90 ಎಂಎಂ ನೋಡಿ. ಮೇಲುಕೋಟೆಯ ಕಲ್ಯಾಣಿಗೆ 6×12 ಚೆನ್ನ. ಅದು 4×5ರ ಅಗಲವನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಳ್ಳುವುದರಿಂದ ಲೆನ್ಸ್ ಬದಲಿಸಬೇಕಿಲ್ಲ.

ಗ್ರೌಂಡ್ ಗ್ಲಾಸ್ ಮೇಲೆ ಪೆನ್ಸಿಲಿನಿಂದ 6×9 ಚೌಕ ಎಳೆದುಕೊಳ್ಳಿ. ಫೋಕಸ್ ಮಾಡಿ, ಶಟರ್ ಮುಚ್ಚಿ, ಗಾಜು ತೆಗೆದು ಹೋಲ್ಡರ್ ಕೂರಿಸಿ, ಡಾರ್ಕ್ ಸ್ಲೈಡ್ (ಫಿಲ್ಮ್‌ಗೆ ಬೆಳಕು ಬೀಳದಂತೆ ತಡೆಯುವ ತಗಡು) ಎಳೆದು ಕ್ಲಿಕ್. ಫ್ರೇಮ್ ಬದಲಿಸಿದಾಗೆಲ್ಲ ಇಷ್ಟೂ ಮಾಡಬೇಕು. ಸ್ಟ್ಯಾಂಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತಗೊಂಡು ಹೋಗಿ.

ಪ್ರಶ್ನೆ: ನನ್ನ ರೋಲ್ ಬ್ಯಾಕಿನಲ್ಲಿ ಒಂದೆರಡು ಫ್ರೇಮ್ ಮಾತ್ರ ಒಂದು ಕಡೆ ಮಸುಕಾಗಿ ಬರುತ್ತವೆ. ಲೆನ್ಸ್ ಹಾಳಾಗಿದೆಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಲೆನ್ಸ್ ಹಾಳಾಗಿದ್ದರೆ ಎಲ್ಲ ಫ್ರೇಮೂ ಹಾಗೇ ಬರಬೇಕಿತ್ತು, ಅಲ್ವಾ? ನನಗೆ ಅನುಮಾನ ಫಿಲ್ಮ್ ಮೇಲೆ. ಬಹಳಷ್ಟು ಹೋಲ್ಡರ್‌ಗಳಲ್ಲಿ ಫಿಲ್ಮ್ ಸ್ಪೂಲಿನಿಂದ ಹೊರಟು ರೋಲರ್ ಸುತ್ತ ಉಲ್ಟಾ ಬಾಗುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟರೆ ಆ ಜಾಗದಲ್ಲಿ ಉಬ್ಬು ನಿಲ್ಲುತ್ತದೆ, ಮರುದಿನ ತಿರುಗಿಸಿದಾಗ ಅದು ಸರಿಯಾಗಿ ಫ್ರೇಮಿನೊಳಗೇ ಬಂದು ಕೂರುತ್ತದೆ. ತೆಗೆದ ತಕ್ಷಣ ತಿರುಗಿಸಬೇಡಿ, ಮುಂದಿನ ಚಿತ್ರಕ್ಕೆ ಸ್ವಲ್ಪ ಮುಂಚೆ ತಿರುಗಿಸಿ. ಸಾಧ್ಯವಾದರೆ ರೋಲ್ ಅದೇ ದಿನ ಮುಗಿಸಿ. ಅಪರ್ಚರ್ ಎಫ್ 16 ಇಡಿ. ಎಫ್ 32ಕ್ಕೆ ಹೋದರೆ ಈ ಚಿಕ್ಕ ನೆಗೆಟಿವ್ ದೊಡ್ಡದು ಮಾಡುವಾಗ ಬೇರೆ ಥರದ ಮಸುಕು ಕಾಣುತ್ತದೆ.

ಅಕಸ್ಮಾತ್ ಎಲ್ಲ ಫ್ರೇಮೂ ಸಾಫ್ಟ್ ಆಗತೊಡಗಿದರೆ, ಒಂದು ದಿನಪತ್ರಿಕೆಯನ್ನು ಓರೆಯಾಗಿ ಹರಡಿ, ನಡುವಿನ ಒಂದು ಸಾಲಿಗೆ ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ ತೆಗೆಯಿರಿ. ನೆಗೆಟಿವ್‌ನಲ್ಲಿ ಆ ಸಾಲಿನ ಬದಲು ಹಿಂದಿನದೋ ಮುಂದಿನದೋ ಚುರುಕಾಗಿದ್ದರೆ, ಗಾಜು ಮತ್ತು ಫಿಲ್ಮ್ ಒಂದೇ ದೂರದಲ್ಲಿಲ್ಲ ಅಂತ ಅರ್ಥ. ಗ್ರೌಂಡ್ ಗ್ಲಾಸ್ ತಿರುಗುಮುರುಗಾಗಿ ಹಾಕಿದ್ದಾರಾ ಅಂತ ಮೊದಲು ನೋಡಿ, ಒರಟು ಮೈ ಲೆನ್ಸ್ ಕಡೆಗೇ ಇರಬೇಕು.