ಡಿಫೆಂಡರ್‌ನಲ್ಲಿ ಏನು ಆನ್ ಮಾಡಬೇಕು ಅಂತ ಕೇಳುವ ಮೊದಲು ಆ ಎಕ್ಸ್‌ಕ್ಲೂಷನ್ ತೆಗೆಯಿರಿ

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನಲ್ಲಿ ಯಾವ ಸೆಟ್ಟಿಂಗ್ ಆನ್ ಮಾಡಿದರೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕಾಟ ಇರಲ್ಲ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಕೊನೆಯ ಸಾಲು ಓದಿ ನನ್ನ ಎದೆ ಧಸಕ್ಕೆಂದಿತು. "ಒಂದು ಸಾಫ್ಟ್‌ವೇರ್‌ಗೆ ಅಡ್ಡ ಬರ್ತಿತ್ತು ಅಂತ ಡಿ ಡ್ರೈವ್ ಪೂರ್ತಿ ಎಕ್ಸ್‌ಕ್ಲೂಷನ್‌ಗೆ ಹಾಕಿದ್ದೀನಿ, ಅದೇನೂ ತೊಂದರೆ ಇಲ್ಲ ಅಲ್ವಾ?"

ಇದೆ. ಎಕ್ಸ್‌ಕ್ಲೂಷನ್ ಅಂದರೆ ಡಿಫೆಂಡರ್ ನೋಡದೆ ಬಿಡಬೇಕಾದವುಗಳ ಪಟ್ಟಿ. ನಾನೂ ಹಾಗೇ ಹಾಕಿದ್ದೆ. ಅದೇ ಡಿ ಡ್ರೈವ್.

ನನ್ನದು ವಿಡಿಯೋ ಎಡಿಟಿಂಗ್ ಕೆಲಸ. ಹೊಟ್ಟೆಪಾಡೆಲ್ಲ ಆ ಡ್ರೈವ್‌ನಲ್ಲೇ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ದುಡ್ಡು ಕೊಟ್ಟು ಕೊಳ್ಳಬೇಕಾದ ಒಂದು ಪ್ಲಗ್‌ಇನ್ನನ್ನು (ಎಡಿಟಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಕ್ರ್ಯಾಕ್ ಮಾಡಿದ್ದು, ಅಂದರೆ ಬೀಗ ಮುರಿದ ಕಳ್ಳ ಪ್ರತಿ, ಇಳಿಸಿಕೊಂಡೆ. ಡಿಫೆಂಡರ್ ಅದನ್ನು ಕಂಡ ತಕ್ಷಣ ಎತ್ತಿ ಕ್ವಾರಂಟೈನ್‌ಗೆ ಹಾಕಿತು. ಜೊತೆಗಿದ್ದ ರೀಡ್‌ಮಿ ಫೈಲಿನಲ್ಲಿ "ಆಂಟಿವೈರಸ್ ಸುಮ್ನೆ ಗಲಾಟೆ ಮಾಡುತ್ತದೆ, ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸಿ" ಅಂತಿತ್ತು. ಒಂದು ಫೋಲ್ಡರ್ ಸೇರಿಸಿದ್ದರೂ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಪದೇ ಪದೇ ಯಾರು ಸೇರಿಸುತ್ತಾ ಕೂರುತ್ತಾರೆ ಅಂತ ಇಡೀ ಡಿ ಡ್ರೈವನ್ನೇ ಸೇರಿಸಿದೆ. ಎರಡು ಕ್ಲಿಕ್, ಒಂದು 'ಯೆಸ್'. ಪ್ಲಗ್‌ಇನ್ ಓಡಿತು. ನಾನು ಮರೆತೆ.

ಈ ಮರೆವಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಮುಳುಗಿಸಿದ್ದು ಅದೇ. ಡಿಫೆಂಡರ್‌ನ ರಿಯಲ್‌ಟೈಮ್ ಪ್ರೊಟೆಕ್ಷನ್ ಆಫ್ ಮಾಡಿ ನೋಡಿ. ಮೂಲೆಯ ಗುರಾಣಿ ಚಿಹ್ನೆಯ ಮೇಲೆ ಎಚ್ಚರಿಕೆಯ ಗುರುತು ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗಿಯೇ ಆನ್ ಆಗುತ್ತದೆ. ಎಕ್ಸ್‌ಕ್ಲೂಷನ್ ಹಾಗಲ್ಲ. ನೀವೇ ತೆಗೆಯುವವರೆಗೂ ಇರುತ್ತದೆ, ಮತ್ತು ಅಷ್ಟೂ ದಿನ ಗುರಾಣಿಯ ಮೇಲೆ ಹಸಿರು ಟಿಕ್ ಹಾಗೇ ಇರುತ್ತದೆ. ಡ್ರೈವ್ ಸೇರಿಸಿದರೆ ಅದರೊಳಗಿನ ಎಲ್ಲ ಫೋಲ್ಡರ್, ಫೋಲ್ಡರ್‌ನೊಳಗಿನ ಫೋಲ್ಡರ್, ನಾಳೆ ಹೊಸದಾಗಿ ಬಂದು ಬೀಳುವ ಫೈಲ್, ಎಲ್ಲಕ್ಕೂ ಮಾಫಿ. ಓಡುವಾಗಲೂ ನೋಡುವುದಿಲ್ಲ, ದಿನದ ಸ್ಕ್ಯಾನ್‌ನಲ್ಲೂ ನೋಡುವುದಿಲ್ಲ. ನನ್ನ ಬ್ರೌಸರ್‌ನ ಡೌನ್‌ಲೋಡ್ ಫೋಲ್ಡರ್ ಎಲ್ಲಿತ್ತು ಹೇಳಿ? ಡಿ ಡ್ರೈವ್‌ನಲ್ಲಿ. ಸಿ ಡ್ರೈವ್ ತುಂಬುತ್ತದೆ ಅಂತ ನಾನೇ ಅಲ್ಲಿಗೆ ಬದಲಿಸಿದ್ದೆ. ಅಂದರೆ ಇಂಟರ್ನೆಟ್‌ನಿಂದ ಏನು ಬಂದರೂ ನೇರ ಕಾವಲಿಲ್ಲದ ಕೋಣೆಗೇ ಬಂದು ಬೀಳುತ್ತಿತ್ತು.

ಇನ್ನೂ ಕೆಟ್ಟದ್ದೆಂದರೆ, ಮೊದಲು ಕ್ರ್ಯಾಕ್ ಫೈಲ್‌ಗಳನ್ನು ಕಂಡರೆ ಕೂಗುತ್ತಿದ್ದ ಡಿಫೆಂಡರ್ ಈಗ ಸುಮ್ಮನಾಯಿತು. ಅದರ ಬಾಯಿಗೆ ಬಟ್ಟೆ ತುರುಕಿದವನು ನಾನೇ. ಆದರೂ "ಓ, ಈ ಸೈಟಿನ ಫೈಲ್‌ಗಳು ಕ್ಲೀನ್ ಇರುತ್ತವೆ" ಅಂದುಕೊಂಡೆ.

ಹದಿನಾಲ್ಕು ತಿಂಗಳು ಹೀಗೇ ಹೋಯಿತು. 2021ರಲ್ಲಿ ಒಂದು ರಾತ್ರಿ ಇನ್ನೊಂದು ಪ್ಲಗ್‌ಇನ್ ಇಳಿಸಿದೆ. ಯಾಕೋ ಅನುಮಾನ ಬಂದು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಟ್ಟೆ. ಥ್ರೆಟ್ ಏನೂ ಇಲ್ಲ ಎಂದಿತು. ಜೊತೆಗೆ ಒಂದು ಸೂಚನೆ ಬಂತು: ಕೆಲವು ಐಟಂಗಳನ್ನು ಸ್ಕ್ಯಾನ್ ಮಾಡದೆ ಬಿಡಲಾಗಿದೆ. ಆ ಸಾಲು ಓದಿದ್ದರೆ ಇವತ್ತು ಈ ಉತ್ತರ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಓದದೆ ಮುಚ್ಚಿದೆ.

ಫೈಲ್ ಓಡಿಸಿದ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಅನ್ನುವ ಒಂದು ಕಿಟಕಿ ತೆರೆದುಕೊಂಡಿತು. ಹಾರ್ಡ್ ಡಿಸ್ಕ್ ಒಂದೇ ಸಮ ಓಡುತ್ತಿತ್ತು. ಅಪ್‌ಡೇಟ್ ಅಲ್ವಾ ಅಂತ ಮಲಗಲು ಹೋದೆ. ಅದು ಸುಳ್ಳು ಕಿಟಕಿ, ಈ ಜಾತಿಯ ರ‍್ಯಾನ್ಸಮ್‌ವೇರ್‌ನ ಹಳೇ ನಾಟಕ ಅಂತ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಫೈಲಿನ ಹೆಸರಿಗೂ ನಾಲ್ಕು ಅಕ್ಷರದ ಬಾಲ. ಪ್ರತಿ ಫೋಲ್ಡರಿನಲ್ಲೂ ಒಂದು ಟೆಕ್ಸ್ಟ್ ಫೈಲ್: ಇಷ್ಟು ಡಾಲರ್ ಕೊಡಿ, ಮೂರು ದಿನದೊಳಗೆ ಬಂದರೆ ಅರ್ಧ ರಿಯಾಯಿತಿ. ಬ್ಯಾಕಪ್ ಅಂತ ಸದಾ ಸಿಕ್ಕಿಸಿಯೇ ಇಟ್ಟಿದ್ದ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೂ ಅದೇ ಬಾಲ, ಅದೇ ಟೆಕ್ಸ್ಟ್ ಫೈಲ್. 'ಪ್ರೀವಿಯಸ್ ವರ್ಷನ್ಸ್' ನೋಡಿದೆ, ಖಾಲಿ. ಹಳೆಯ ಪ್ರತಿಗಳನ್ನು ಮೊದಲೇ ಅಳಿಸಿಬಿಟ್ಟಿತ್ತು.

ಅದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ ಗುಂಪಿನದು, ಹರಡುವುದೇ ಹೆಚ್ಚಾಗಿ ಕ್ರ್ಯಾಕ್‌ಗಳ ಮೂಲಕ. ಬೇರೆ ಕಂಪ್ಯೂಟರಿನಿಂದ ಹುಡುಕಬೇಕಾಯಿತು, ಯಾಕೆಂದರೆ ಅದು ಯಾವ ಸೈಟ್ ಎಲ್ಲಿದೆ ಅಂತ ವಿಂಡೋಸ್ ನೋಡಿಕೊಳ್ಳುವ ಹೋಸ್ಟ್ಸ್ ಫೈಲ್ ತಿದ್ದಿ ಭದ್ರತೆಗೆ ಸಂಬಂಧಪಟ್ಟ ಸೈಟ್‌ಗಳೇ ತೆರೆಯದಂತೆ ಮಾಡಿತ್ತು. 'ನೋ ಮೋರ್ ರ‍್ಯಾನ್ಸಮ್' ಸೈಟಿಗೆ ಹೋದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು, ಬೀಗ ಬಿಡಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಎಮ್ಸಿಸಾಫ್ಟ್ ಅನ್ನುವ ಭದ್ರತಾ ಕಂಪನಿ ಮಾಡಿದ ಸಾಧನ ಓಡಿಸಿದೆ. ನಿಮ್ಮದು ಆನ್‌ಲೈನ್ ಐಡಿ, ಬಿಡಿಸಲು ಆಗದು ಎಂದಿತು. ಹಾಗೆಂದರೆ ನನ್ನ ಕಂಪ್ಯೂಟರಿಗೆಂದೇ ಬೇರೆ ಕೀ ತಯಾರಾಗಿ ಅವರ ಸರ್ವರ್‌ನಲ್ಲಿ ಕೂತಿದೆ. ದುಡ್ಡು ಕೊಡಲಿಲ್ಲ. ಈ ಜಾತಿ ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತದೆ, ಹಾಗಾಗಿ ದೊಡ್ಡ ವಿಡಿಯೋ ಫೈಲ್‌ಗಳಲ್ಲಿ ಎಷ್ಟೋ ರಿಪೇರಿಯಾದವು, ಶುರುವಿನ ಚೂರು ಬಿಟ್ಟು. ಪ್ರಾಜೆಕ್ಟ್ ಫೈಲ್‌ಗಳು ಚಿಕ್ಕವು. ಒಂದೂ ಉಳಿಯಲಿಲ್ಲ. ಕಪಾಟಿನಲ್ಲಿ ಬಿದ್ದಿದ್ದ ಎಂಟು ತಿಂಗಳ ಹಳೆಯ ಡಿಸ್ಕ್ ಒಂದೇ ಗತಿಯಾಯಿತು.

ಈಗ ನಿಮ್ಮ ಪ್ರಶ್ನೆ. ಯಾವುದನ್ನು ಆನ್ ಮಾಡಲಿ ಅಂತ ಕೇಳುವುದೇ ನನಗೆ ಉಲ್ಟಾ ಅನ್ನಿಸುತ್ತದೆ. ರಿಯಲ್‌ಟೈಮ್ ಪ್ರೊಟೆಕ್ಷನ್, ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಸಾಮಾನ್ಯವಾಗಿ ಮೊದಲಿನಿಂದಲೇ ಆನ್ ಇರುತ್ತವೆ, ನಾವೇ ಏನಾದರೂ ಕೈಯಾಡಿಸಿ ಕೆಡಿಸಿರುತ್ತೇವೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗೆ ಎಕ್ಸ್‌ಕ್ಲೂಷನ್ಸ್ ನೋಡಿ. ಅಲ್ಲಿರುವುದನ್ನೆಲ್ಲ ತೆಗೆಯಿರಿ. ಸಾಫ್ಟ್‌ವೇರ್ ನಿಧಾನವಾದರೆ ಆಗಲಿ. ನಿಮ್ಮದೂ ಕ್ರ್ಯಾಕ್ ಆಗಿದ್ದರೆ ಅದನ್ನೂ ತೆಗೆಯಿರಿ, ಅದರ ಮೇಲೆ ಚರ್ಚೆ ಬೇಡ.

ನೀವು ನಿಜವಾಗಿ ಆನ್ ಮಾಡಬೇಕಾದ್ದು ಒಂದೇ: ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದಲ್ಲೇ ಕೆಳಗೆ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗಿದೆ. 2017ರಲ್ಲಿ ವಿಂಡೋಸ್ 10ಕ್ಕೆ ಬಂತು, ಮೊದಲಿನಿಂದ ಆಫ್ ಇರುತ್ತದೆ. ನಂಬಿಕೆ ಇಲ್ಲದ ಪ್ರೋಗ್ರಾಂ ನಿಮ್ಮ ಫೋಲ್ಡರಿನೊಳಗೆ ಏನನ್ನೂ ಬದಲಿಸದಂತೆ ತಡೆಯುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥವು ಅದರ ಪಟ್ಟಿಯಲ್ಲಿ ಮೊದಲೇ ಇವೆ. ನಿಮ್ಮ ಡಿ ಡ್ರೈವ್‌ನ ಫೋಲ್ಡರ್‌ಗಳು ಇರುವುದಿಲ್ಲ, 'ಪ್ರೊಟೆಕ್ಟೆಡ್ ಫೋಲ್ಡರ್ಸ್'ನಲ್ಲಿ ನೀವೇ ಸೇರಿಸಬೇಕು. ಮೊದಲ ವಾರ ತಲೆನೋವು. ಸೇವ್ ಮಾಡಲು ಹೋದರೆ "ಫೈಲ್ ಸಿಗುತ್ತಿಲ್ಲ" ಅಂತ ಏನೇನೋ ಎರರ್ ಬರುತ್ತದೆ. ನಾನು ಒಮ್ಮೆ ಆನ್ ಮಾಡಿ, ಇಂಥದೇ ಎರರ್‌ಗೆ ಬೇಸತ್ತು ಆಫ್ ಮಾಡಿದವನು. ನೀವು ಹಾಗೆ ಮಾಡದೆ, ಇತ್ತೀಚೆಗೆ ತಡೆದ ಆ್ಯಪ್‌ಗಳ ಪಟ್ಟಿಯಿಂದ ಆ ಒಂದು ಪ್ರೋಗ್ರಾಂಗೆ ಮಾತ್ರ ಅನುಮತಿ ಕೊಡಿ. ಮತ್ತೆ, ಬೇರೆ ಕಂಪನಿಯ ಆಂಟಿವೈರಸ್ ಹಾಕಿಕೊಂಡರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ, ಅದರ ಜೊತೆ ಇದೂ ಹೋಗುತ್ತದೆ.

ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಫೈಲ್ ಬದಲಿಸುವುದನ್ನು ತಡೆಯುತ್ತದೆ, ಓದುವುದನ್ನು ತಡೆಯಲ್ಲ. ನನಗೆ ಬಂದ ಗುಂಪು ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳನ್ನೂ ಜೊತೆಗೆ ತರುತ್ತದೆ ಅಂತ ತಿಳಿದು ಒಂದು ದಿನವಿಡೀ ಕೂತು ಎಲ್ಲ ಪಾಸ್‌ವರ್ಡ್ ಬದಲಿಸಿದೆ.

ವಿಂಡೋಸ್ ಅಪ್‌ಡೇಟ್ ಮುಂದೂಡುವ ಅಭ್ಯಾಸ ಇದ್ದರೆ ಬಿಡಿ. 2017ರ ಮೇ 12ರಂದು ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಹರಡಿತಲ್ಲ, ಅದಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು.

ಬ್ಯಾಕಪ್ ಬಗ್ಗೆ ನೀವು ಕೇಳೇ ಇಲ್ಲ. ಒಂದು ಡಿಸ್ಕ್ ತೆಗೆದುಕೊಳ್ಳಿ, ಕಾಪಿ ಮಾಡಿ, ಕೇಬಲ್ ಕಿತ್ತು ಕಪಾಟಿನಲ್ಲಿಡಿ. ನಾನೀಗ ವಾರಕ್ಕೊಮ್ಮೆ ಮಾಡುತ್ತೇನೆ.

ಎಕ್ಸ್‌ಕ್ಲೂಷನ್ ತೆಗೆದ ಮೇಲೆ ಒಂದು ಫುಲ್ ಸ್ಕ್ಯಾನ್, ಅದರ ಹಿಂದೆಯೇ ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಎರಡನೆಯದಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ತೆರೆದ ಕೆಲಸವನ್ನೆಲ್ಲ ಮೊದಲೇ ಸೇವ್ ಮಾಡಿಕೊಳ್ಳಿ. ಏನಾದರೂ ಸಿಕ್ಕಿಬಿದ್ದರೆ 'ಅಲೌ' ಒತ್ತಬೇಡಿ, ಅದು ಎಕ್ಸ್‌ಕ್ಲೂಷನ್‌ನ ತಮ್ಮ. ಹಿಂದೆ ಎಂದಾದರೂ ಒತ್ತಿದ್ದರೆ 'ಅಲೌಡ್ ಥ್ರೆಟ್ಸ್' ಅಂತ ಬೇರೆಯೇ ಪಟ್ಟಿ ಇದೆ, ಅದನ್ನೂ ತೆರೆದು ನೋಡಿ. ನನ್ನದರಲ್ಲಿ ಮೂರಿದ್ದವು.